ಕೈ ಎತ್ತಿದವನಿಗೆ ಮಸಾಲೆ ದೋಸೆ

ಗೆಲ್ಲುವುದಕ್ಕೆ ತಂಡ ಕಟ್ಟುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸೋಲುವುದಕ್ಕೆಂದೇ ತಂಡ ಕಟ್ಟಿದವರನ್ನು ನೋಡಿದ್ದೀರಾ? ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಅಂಥ ಪುಣ್ಯಾತ್ಮ ಒಬ್ಬನೇ ಸಿಗುತ್ತಾನೆ. ಅವನು ನನ್ನ ಸೋದರಮಾವ! ನಮ್ಮೂರಿನ ವಾಲಿಬಾಲ್ ತಂಡವನ್ನು ಸೋಲಿಸಲು ಎದುರಾಳಿಗಳು ಬೆವರು ಸುರಿಸಬೇಕಾಗಿರಲಿಲ್ಲ. ಗೆರೆಯ ಪಕ್ಕ ನಮ್ಮ ಮಾವ ನಿಂತಿದ್ದರೆ ಸಾಕಿತ್ತು. ನಗಬೇಡಿ. ಈ ಕತೆ ಹೇಳುವಾಗ ಈಗಲೂ ನನ್ನ ಬಲಗೈ ಕಿರುಬೆರಳು ಉರಿಯುತ್ತದೆ. ಯಾಕೆ ಎಂಬುದನ್ನು ಸಾವಕಾಶ ಹೇಳುತ್ತೇನೆ.

ಮಾವ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಶಿರಸಿಯಿಂದ ಉಮ್ಮಚಗಿ ಮೇಲೆ ಯಲ್ಲಾಪುರಕ್ಕೆ ಹೋಗಿ ಬರುವ ಬಸ್ಸು. ಕೊರಳಲ್ಲಿ ಯಾವಾಗಲೂ ಎರಡು ಸೀಟಿ. ಬಿಳಿ ದಾರದ್ದು ಇಲಾಖೆಯದು, ಬಸ್ಸಿಗೆ. ಕೆಂಪು ದಾರದ್ದು ಸ್ವಂತದ್ದು, ಆಟಕ್ಕೆ. ಡ್ಯೂಟಿ ಮುಗಿಸಿ ಖಾಕಿ ಅಂಗಿಯನ್ನೂ ಬಿಚ್ಚದೆ ನೇರವಾಗಿ ಊರಿನ ಬಯಲಿಗೆ ಬರುತ್ತಿದ್ದ. ಬಯಲು ಎಂದರೆ ದೊಡ್ಡ ಮೈದಾನ ಎಂದುಕೊಳ್ಳಬೇಡಿ, ಭತ್ತ ಕೊಯ್ದ ಮೇಲೆ ಖಾಲಿ ಬಿದ್ದಿರುತ್ತಿದ್ದ ಒಂದು ಗದ್ದೆ. ನಮ್ಮೂರಲ್ಲಿ ಸಪಾಟು ಜಾಗ ಅಂತ ಇದ್ದದ್ದು ಅದೊಂದೇ. ಮಿಕ್ಕಿದ್ದೆಲ್ಲ ಇಳಿಜಾರು. ಬೇರೆಲ್ಲಿ ಆಡಿದರೂ ಬಾಲು ಕೈತಪ್ಪಿದರೆ ಹಳ್ಳದಲ್ಲೇ ಹೋಗಿ ಹುಡುಕಬೇಕು.

ಮಾವ ನೆಟ್ಟು ಕಟ್ಟುವ ಮೊದಲು ನಮ್ಮೂರಿನ ಹುಡುಗರ ಕ್ರೀಡೆ ಯಾವುದಿತ್ತು ಗೊತ್ತೇ? ರಸ್ತೆಯ ಮೋರಿಕಟ್ಟೆಯ ಮೇಲೆ ಸಾಲಾಗಿ ಕೂತು ಓಸಿ ಜೂಜಿನ ನಂಬರು ಬರೆಸುವುದು! ಬಸ್ಸಿನ ಬಾಗಿಲಲ್ಲಿ ನಿಂತು ದಿನಾ ಆ ಸಾಲನ್ನು ನೋಡಿ ನೋಡಿ ಅವನಿಗೆ ತಲೆಕೆಟ್ಟಿತು. ಒಂದು ದಿನ ಇಳಿದು ಬಂದು ಒಬ್ಬೊಬ್ಬನ ಕುತ್ತಿಗೆಪಟ್ಟಿ ಹಿಡಿದು ಗದ್ದೆಗೆ ತಂದು ನಿಲ್ಲಿಸಿ ಕೈಗೆ ಬಾಲು ಕೊಟ್ಟ. ಗೆರೆ ಎಳೆಯಲು ಸುಣ್ಣ ಇರಲಿಲ್ಲವಲ್ಲ, ಪ್ರತಿಯೊಬ್ಬನೂ ಮನೆಯ ಬಚ್ಚಲೊಲೆಯ ಬೂದಿಯನ್ನು ಡಬ್ಬಿಯಲ್ಲಿ ತರಬೇಕೆಂದು ಕಾನೂನು ಮಾಡಿದ. ಬೂದಿ ತರದವನಿಗೆ ಆಟವಿಲ್ಲ. ಪಾತ್ರೆ ತಿಕ್ಕಲು ಬೂದಿ ಸಿಗದೆ ಊರಿನ ಹೆಂಗಸರೆಲ್ಲ ಅವನಿಗೆ ಹಿಡಿಶಾಪ ಹಾಕುತ್ತಿದ್ದರು.

ಇನ್ನೊಂದು ಕಾನೂನು ಇತ್ತು. ನಮ್ಮನ್ನು ಹಾಳು ಮಾಡಿದ್ದು ಅದೇ. ಬಾಲು ನಿನ್ನ ಬೆರಳಿಗೆ ತಾಗಿ ಹೊರಗೆ ಹೋಯಿತೋ, ನಿನ್ನ ಮೈ ನೆಟ್ಟಿಗೆ ತಾಗಿತೋ, ಅಂಪೈರ್ ನೋಡಲಿ ಬಿಡಲಿ, ನೀನೇ ಕೈ ಎತ್ತಬೇಕು.

"ಅಂಪೈರ್ ನೋಡಿದ್ನೇ ಇಲ್ಲೆ ಮಾವಾ!" ಎಂದು ನಾವು ಗೋಗರೆಯುತ್ತಿದ್ದೆವು.

"ನೀನು ನೋಡಿದ್ಯಲ, ಸಾಕು."

ಒಮ್ಮೆ ಸಿದ್ದಾಪುರದಲ್ಲಿ ಸೆಮಿಫೈನಲ್. ಕೊನೆಯ ಪಾಯಿಂಟು. ಎದುರಿನವರ ಬಾಲು ಹೊರಗೆ ಬಿತ್ತು, ಅಂಪೈರ್ ನಮಗೇ ಪಾಯಿಂಟು ಕೊಟ್ಟ, ನಾವು ಕುಣಿದಾಡಲು ಶುರುಮಾಡಿದೆವು. ತಿರುಗಿ ನೋಡಿದರೆ ನಮ್ಮ ಕ್ಯಾಪ್ಟನ್ ಕೈ ಎತ್ತಿ ಕಂಬದ ಹಾಗೆ ನಿಂತಿದ್ದಾನೆ! "ಯನ್ನ ಬೆರಳಿಗೆ ತಾಗಿತ್ತು." ಆಯಿತಲ್ಲ, ಪಾಯಿಂಟು ಅವರಿಗೆ ಹೋಯಿತು, ಮುಂದಿನ ಎರಡೂ ಅವರಿಗೇ ಹೋದವು, ನಾವು ಮನೆಗೆ ಹೋದೆವು. ಗೆದ್ದವರಿಗೂ ಖುಷಿ ಪಡಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಾವನಿಗೆ ಮಾತ್ರ ಹಬ್ಬ. ಎಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಆರ್ಡರ್ ಕೊಟ್ಟ. "ಒಂದು ಮಸಾಲೆ ದೋಸೆ. ಉಳಿದವಕ್ಕೆ ಚಾ." ದೋಸೆ ಕೈ ಎತ್ತಿದ ಕ್ಯಾಪ್ಟನ್ನಿಗೆ! ಅವನು ಗರಿಗರಿ ಅಂಚು ಮುರಿದು ಚಟ್ನಿಯಲ್ಲಿ ಅದ್ದಿ ತಿನ್ನುವುದನ್ನು ನಾವು ಚಾ ಕುಡಿಯುತ್ತ ನೋಡಿದೆವು.

ಆಗ ನನಗೆ ಹದಿನೈದು ವರ್ಷ. ಹೊಟ್ಟೆಯೊಂದನ್ನು ಬಿಟ್ಟು ಮೈಯಲ್ಲಿ ಬೇರೇನೂ ಬೆಳೆಯದ ವಯಸ್ಸು. ಮುಂದಿನ ಪಂದ್ಯದಲ್ಲಿ ಎಂತ ಮಾಡಿದೆ ಗೊತ್ತೇ? ಬಾಲು ನನ್ನಿಂದ ಒಂದು ಮಾರು ದೂರದಲ್ಲಿ ಹೋದರೂ ಗಬಕ್ಕನೆ ಕೈ ಎತ್ತಿಬಿಟ್ಟೆ! ದೋಸೆ ಬರಲಿಲ್ಲ. ಮಾವ ಮೂರು ವಾರ ನನ್ನನ್ನು ಗೆರೆಯಾಚೆ ಕೂರಿಸಿದ. "ಮುಟ್ಟದ ಬಾಲಿಗೆ ಕೈ ಎತ್ತದೂ ಸುಳ್ಳೇ ಅಲ್ದನೋ ತಮಾ?" ಎಂದ. ಬೈಯಲಿಲ್ಲ, ಹೊಡೆಯಲಿಲ್ಲ. ಇಷ್ಟೇ ಹೇಳಿದ. ಅದು ಹೊಡೆತಕ್ಕಿಂತ ಕೆಟ್ಟದಾಗಿತ್ತು.

ಮನೆಯಲ್ಲಾದರೂ ಸುಮ್ಮನಿರುತ್ತಿದ್ದನೇ? ಅಜ್ಜಿ, ಅಂದರೆ ಅವನನ್ನು ಹೆತ್ತ ತಾಯಿ, ಚೆನ್ನೆಮಣೆ ಆಡುವಾಗ ಸೆರಗಿನ ಮರೆಯಲ್ಲಿ ಎರಡು ಕಾಳು ಜಾರಿಸುವುದು ಇಡೀ ಕುಟುಂಬಕ್ಕೆ ಗೊತ್ತಿದ್ದ ಸಂಗತಿ. ಒಂದು ದಿನ ಮಾವ ಅದನ್ನು ನೋಡಿ ಕೆಂಪು ಸೀಟಿ ಊದಿಯೇ ಬಿಟ್ಟ. "ಆಯೀ, ಕೈ ಎತ್ತು."

ಅಜ್ಜಿ ನಿಧಾನಕ್ಕೆ ಕನ್ನಡಕ ತೆಗೆದಿಟ್ಟಳು. "ಆನು ಕೈ ಎತ್ತಿದ್ರೆ ಅದು ನಿನ್ನ ಕೆನ್ನೆ ಮೇಲೇ ಬೀಳದು ನೋಡು!"

ಅಂಪೈರ್ ಸಾಹೇಬರು ಸೀಟಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು ಅಂಗಳಕ್ಕಿಳಿದರು.

ಬಸ್ಸಿನ ಪ್ರಸಂಗವಂತೂ ಮೂರು ತಾಲೂಕಿಗೂ ಗೊತ್ತು. ಅವನ ಬಸ್ಸಿನ ಡ್ರೈವರ್ ಹಾವೇರಿ ಕಡೆಯವನು, ಭಾರೀ ಗಂಟಲಿನ ಮನುಷ್ಯ. ಒಂದು ಮಧ್ಯಾಹ್ನ ತುಂಬಿದ ಬಸ್ಸು ನಮ್ಮ ಬಯಲಿನ ಪಕ್ಕ ಹಾಯುತ್ತಿತ್ತು. ನಾವು ಆಡುತ್ತಿದ್ದೆವು. ಯಾರದೋ ಮೊಣಕೈ ನೆಟ್ಟಿಗೆ ತಾಗಿದ್ದು ಚಲಿಸುವ ಬಸ್ಸಿನ ಕಿಟಕಿಯಿಂದ ಮಾವನ ಕಣ್ಣಿಗೆ ಬಿತ್ತು. ಪೀಂ! ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ನಿಂತವರು ಕೂತವರ ಮೇಲೆ, ಕೂತವರು ಮುಂದಿನ ಸೀಟಿನ ಮೇಲೆ, ಯಾರದೋ ಬುಟ್ಟಿಯೊಳಗಿನ ಕೋಳಿ ಡ್ರೈವರನ ಹೆಗಲ ಮೇಲೆ!

"ಏನಾತ್ರೀ ಕಂಡಕ್ಟರ್ ಸಾಹೇಬ್ರ? ಯಾರರ ಬಿದ್ರೇನು?"

"ನೆಟ್ ಟಚ್."

"ಯಾವ ಊರ್ರೀ ಅದು? ನಮ್ಮ ರೂಟಿನ್ಯಾಗ ಇಲ್ಲಲ್ಲ!"

ಮಾವ ಇಳಿದು ಬಂದು, ಮೊಣಕೈಯವನಿಂದ ಕೈ ಎತ್ತಿಸಿ, ಪಾಯಿಂಟು ಆ ಕಡೆಗೆ ಕೊಟ್ಟು, ಮತ್ತೆ ಬಸ್ಸು ಹತ್ತಿ ಬಿಳಿ ಸೀಟಿಯಲ್ಲಿ ರೈಟ್ ಹೇಳಿದ.

ಇಂಥವನ ಮಾತು ಕಟ್ಟಿಕೊಂಡು ನಮ್ಮೂರ ತಂಡ ಏಳೆಂಟು ವರ್ಷ ಸೋತಿತು. ಎಕ್ಕಂಬಿಯಲ್ಲಿ ಸೋತೆವು, ಉಮ್ಮಚಗಿಯಲ್ಲಿ ಸೋತೆವು, ಸೋಲುವುದರಲ್ಲಿ ಪಳಗಿದೆವು. ಆಗ ಬಂತು ನೋಡಿ ಗ್ರಹಚಾರ. ಅಡಿಕೆಗೆ ಒಳ್ಳೆಯ ದರ ಬಂದಿದ್ದ ಕಾಲ ಅದು, ಗದ್ದೆಗಳೆಲ್ಲ ಒಂದೊಂದಾಗಿ ತೋಟವಾಗುತ್ತಿದ್ದವು. ನಮ್ಮ ಬಯಲಲ್ಲೇ ನಡೆಯಬೇಕಿದ್ದ ಟೂರ್ನಮೆಂಟಿಗೆ ಹದಿನೈದು ದಿನ ಇರುವಾಗ ನಮ್ಮ ಬಯಲಿನ ಯಜಮಾನರು ಅಡಿಕೆ ಸಸಿಗಳನ್ನು ತರಿಸಿ, ಅಂಕಣದ ಪಕ್ಕದಲ್ಲೇ ಸಾಲಾಗಿ ಇಡಿಸಿದರು. ಮಾವ ಅವರ ಬಳಿಗೆ ಓಡಿದ. ಹಿಂದೆ ನಾವೂ ಓಡಿದೆವು.

"ಇಷ್ಟ್ ವರ್ಷ ಸುಮ್ನಿದ್ದೆ," ಎಂದರು ಯಜಮಾನರು ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲಿ. "ಒಂದು ಸಲನಾದ್ರೂ ಗೆದ್ರನೋ ನಿನ್ನ ಹುಡುಗ್ರು? ಸೋಲಲೆ ಯನ್ನ ಗದ್ದೆನೇ ಬೇಕಾ? ಬೇರೆಯವರ ಊರಲ್ಲಿ ಹೋಗಿ ಸೋಲಿ!"

ಯಜಮಾನರು ಕೆಟ್ಟವರಲ್ಲ, ಮಾವನ ಮುಖ ನೋಡಿ ಮೆತ್ತಗಾದರು. "ಅಡ್ಡಿಲ್ಲೆ. ಈ ಸಲ ಇಲ್ಲಿ ನಡೆಯೋ ಟೂರ್ನಮೆಂಟಲ್ಲಿ ಶೀಲ್ಡು ಗೆದ್ರೆ ಬಯಲು ನಿಂಗಳದ್ದು, ಸಸಿ ಬೇರೆ ಕಡೆ ಹಾಕ್ತೆ. ಸೋತ್ರೆ ಮಳೆ ಹಿಡಿದ ಕೂಡ್ಲೇ ಗುಂಡಿ ತೋಡದೇ."

ಆವತ್ತು ಸಂಜೆ ಮಾವ ಬೂದಿಯ ಗೆರೆಯನ್ನು ಎರಡು ಸಲ ಎಳೆದ. ಮೊದಲ ಗೆರೆ ನೆಟ್ಟಗೇ ಇತ್ತು.

ಹೇಗೋ ಏನೋ ನಾವು ಫೈನಲ್ಲಿಗೆ ಮುಟ್ಟಿದೆವು, ಎದುರಿಗೆ ಬಂದದ್ದು ಕಿರವತ್ತಿ ಕಡೆಯ ತಂಡ. ಅವರ ಕ್ಯಾಪ್ಟನ್ ಲಾರಿಗೆ ದಿಮ್ಮಿ ಹೇರುವ ಆಳು, ಒಂದೊಂದು ತೋಳು ನನ್ನ ತೊಡೆಯಷ್ಟು. ಅವನು ಹೊಡೆದ ಬಾಲು ನೆಲಕ್ಕೆ ಬಿದ್ದರೆ ಧೂಳು ಏಳುತ್ತಿತ್ತು, ನಮ್ಮ ಮೈಮೇಲೆ ಬಿದ್ದರೆ ನಾವು ಏಳುತ್ತಿರಲಿಲ್ಲ. ಪಂದ್ಯಕ್ಕೆ ಮುಂಚೆ ನಮ್ಮ ಕ್ಯಾಪ್ಟನ್ ಎಲ್ಲರನ್ನೂ ಹುಲ್ಲುಬಣವೆಯ ಹಿಂದೆ ಕರೆದು ಪಿಸುಗುಟ್ಟಿದ. "ಇವತ್ತೊಂದಿನ ಒಬ್ಬನೂ ಕೈ ಎತ್ತಲಾಗ. ಬಯಲು ಹೋದ್ರೆ ಮತ್ತೆ ಮೋರಿಕಟ್ಟೆಯೇ ಗತಿ, ತಿಳತ್ತಾ?" ನಾವು ಆರೂ ಜನ ಬೂದಿ ಮುಟ್ಟಿ ಆಣೆ ಮಾಡಿದೆವು. ಮಾವನ ಮುಖ ನೋಡಲು ಯಾರಿಗೂ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು, ಶಿರಸಿಯಿಂದ ಬರಬೇಕಾಗಿದ್ದ ಅಂಪೈರನಿಗೆ ಜ್ವರ. ಸಂಘಟಕರು ತಲೆ ಮೇಲೆ ಕೈ ಹೊತ್ತು ಕೂತರು. ಆಗ ಕಿರವತ್ತಿಯ ಆ ದಿಮ್ಮಿ ಕ್ಯಾಪ್ಟನ್ನೇ ಎದ್ದು ಬಂದ.

"ಅದಕ್ಯಾಕ ಇಷ್ಟ ಚಿಂತಿ? ಇವ್ರ ಮಾಮಾನ ಊದ್ಲಿ ಬಿಡ್ರಿ. ನಮ್ಮನ್ನರ ಬಿಟ್ಟಾರು, ಇವ್ರನ್ನ ಬಿಡಂಗಿಲ್ಲ ಅವ್ರು!"

ಜನ ಹೋ ಎಂದು ನಕ್ಕರು. ನಮ್ಮ ಆರು ಮುಖಗಳು ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿದವು. ಕಾಳುಮೆಣಸು ಕೊಯ್ಯುವ ಏಣಿಯನ್ನು ಕಂಬಕ್ಕೆ ಬಿಗಿದರು, ಮಾವ ಅದರ ಮೇಲೆ ಹತ್ತಿ ಕೂತು ಕೆಂಪು ಸೀಟಿಯನ್ನು ಬಾಯಿಗಿಟ್ಟ.

ಮೊದಲ ಗೇಮ್ ಅವರದು. ಎರಡನೆಯದು ಹೇಗೋ ನಮ್ಮದಾಯಿತು. ಮೂರನೆಯದು ಶುರುವಾದಾಗ ಹೊತ್ತು ಇಳಿಯುತ್ತಿತ್ತು, ಬಿಸಿಲು ಓರೆಯಾಗಿ ನೇರ ಕಣ್ಣಿಗೆ ಬೀಳುತ್ತಿತ್ತು. ಮಾವ ನಮ್ಮ ಮೇಲೆ ಮೂರು ಸಲ ನೆಟ್ ಟಚ್ ಊದಿದ. ನಮ್ಮೂರಿನವರು ಕೂಗಾಡಿದರು. "ಓ ಕಂಡಕ್ಟರೇ, ಸ್ವಂತ ಊರಿಗೇ ಟಿಕೆಟ್ ಹರೀತ್ಯನೋ?" ಅವನು ತಿರುಗಿಯೂ ನೋಡಲಿಲ್ಲ. ಹನ್ನೊಂದು ಹನ್ನೊಂದು ಆದಾಗ ಬಾಲೊಂದು ನಮ್ಮ ಕ್ಯಾಪ್ಟನ್ನಿನ ಹೆಬ್ಬೆರಳು ಸವರಿ ಹೊರಗೆ ಹೋಯಿತು. ಬೂದಿ ಮುಟ್ಟಿಸಿ ನಮ್ಮಿಂದ ಆಣೆ ಮಾಡಿಸಿದ ಆ ಮಹಾನುಭಾವನೇ ಕೈ ಎತ್ತಿ ನಿಂತಿದ್ದ! ಪಾಪ, ಅವನು ಎತ್ತಲಿಲ್ಲ, ವರ್ಷಗಟ್ಟಲೆಯ ಅಭ್ಯಾಸ ಎತ್ತಿಸಿತ್ತು. ಎತ್ತಿದ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ಅವನೇ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಕೊಡೆ ಊರಿಕೊಂಡು ಕೂತಿದ್ದ ನಮ್ಮಜ್ಜಿ ಹಣೆ ಚಚ್ಚಿಕೊಂಡಳು. "ಈ ಹುಡುಗ್ರ ಕೈ ಕಟ್ಟಿಹಾಕ್ರೋ ಯಾರಾದ್ರೂ!"

ಹನ್ನೆರಡು. ಹದಿಮೂರು. ಹದಿಮೂರು ಹದಿಮೂರು. ಅವರ ಸರ್ವಿಸ್ ನೆಟ್ಟಿಗೆ ಬಿತ್ತು. ಹದಿನಾಲ್ಕು ಹದಿಮೂರು, ನಾವು ಮುಂದೆ! ಇನ್ನೊಂದೇ ಒಂದು ಪಾಯಿಂಟು. ನನಗೆ ಆಗ ಹದಿನೇಳು, ಎರಡೇ ವರ್ಷದಲ್ಲಿ ತಂಡದ ಎಲ್ಲರಿಗಿಂತ ಉದ್ದ ಬೆಳೆದಿದ್ದೆ, ನೆಟ್ಟಿನ ಮುಂದೆ ನಿಂತು ಬಾಲು ತಡೆಯುವುದು ನನ್ನ ಕೆಲಸ. ಕಣ್ಣಂಚಿನಲ್ಲಿ ಆ ಹಾಳು ಸಸಿಗಳ ಸಾಲು ಕಾಣುತ್ತಿತ್ತು.

ನಮ್ಮ ಸರ್ವಿಸ್ ಹೋಯಿತು. ಅವರು ಎತ್ತಿಕೊಟ್ಟರು. ದಿಮ್ಮಿ ಕ್ಯಾಪ್ಟನ್ ಹಾರಿದ, ನಾನೂ ಹಾರಿದೆ. ಅವನು ಬೀಸಿದ. ಬಾಲು ನನ್ನ ಬಲಗೈ ಕಿರುಬೆರಳಿನ ಉಗುರನ್ನು ಸವರಿಕೊಂಡು, ಹಿಂದಿನ ಗೆರೆಯಾಚೆ ಒಂದು ಗೇಣು ದೂರದಲ್ಲಿ ಬಿತ್ತು.

ತಾಗಿತ್ತು. ಉಗುರು ಉರಿಯುತ್ತಿತ್ತು. ನೆಲಕ್ಕೆ ಕಾಲು ತಾಗುವುದರೊಳಗೇ ನನ್ನ ಕೈ ತಾನಾಗಿ ಮೇಲೇಳಲು ಹೊರಟಿತು. ನಾನು ಅದನ್ನು ಬೇಕೆಂದೇ ಕೆಳಗೆ ತಂದೆ, ಚಡ್ಡಿಗೆ ಬೆವರು ಒರೆಸುವ ನೆಪ ಮಾಡಿದೆ. ಗೆರೆ ಕಾಯುವವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಏಣಿಯ ಕಡೆ ನೋಡಿದರು. ಎಲ್ಲರೂ ಏಣಿಯ ಕಡೆಯೇ ನೋಡಿದರು. ನಾನೂ ನೋಡಿದೆ. ಮಾವ ನನ್ನನ್ನೇ ನೋಡುತ್ತಿದ್ದ. ಸೀಟಿ ಬಾಯಲ್ಲೇ ಇತ್ತು, ಊದುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನೋಡಿದನೋ! ಎರಡು ಕ್ಷಣವೋ, ಮೂರೋ. ನಾನು ತಲೆ ತಗ್ಗಿಸಿದೆ.

ಪೀಂ! ಅವನ ಕೈ ನಮ್ಮ ಕಡೆ ಚಾಚಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಯಾರೋ ನನ್ನನ್ನು ಎತ್ತಿಕೊಂಡರು, ಯಾರೋ ಬೂದಿ ಎರಚಿದರು, ಅಜ್ಜಿ ಕೊಡೆ ಬೀಸಿ ಕುಣಿದಳಂತೆ. ಯಜಮಾನರು ಅಲ್ಲೇ ಆಳುಗಳನ್ನು ಕರೆದು ಸಸಿಗಳನ್ನು ಗಾಡಿಗೆ ಹೇರಿಸಿದರು. ಬಯಲು ಉಳಿಯಿತು! ಆದರೆ ಒಂದು ಮಾತ್ರ ಚೆನ್ನಾಗಿ ನೆನಪಿದೆ. ಕಿರವತ್ತಿಯ ಕ್ಯಾಪ್ಟನ್ ನೆಟ್ಟಿನ ಕೆಳಗೆ ತೂರಿ ಬಂದು ನನ್ನ ಕೈ ಕುಲುಕಿದ. ಅದೇ ಬಲಗೈ. "ತಾಗೇತಿ ಅಂತ ನನಗ ಅನ್ಸಿತ್ತು ತಮ್ಮಾ. ಆದ್ರ ನಿಮ್ಮ ಮಾಮಾ ಊದ್ಯಾರಂದ್ರ ಮುಗೀತು ಬಿಡು, ತಾಗಿಲ್ಲ." ಅವನು ನಗುತ್ತಲೇ ಹೇಳಿದ. ನನಗೆ ಆ ಗದ್ದೆಯೇ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮಾವ ಏಣಿ ಇಳಿದು, ಗೆದ್ದವರಿಗೆ ಕೊಟ್ಟ ಬಾಳೆಗೊನೆ ಹಂಚುವವರೆಗೂ ನಿಲ್ಲದೆ ಮನೆಗೆ ನಡೆದ. ಮರುದಿನದಿಂದ ಅವನ ಕೊರಳಲ್ಲಿ ಒಂದೇ ಸೀಟಿ, ಬಿಳಿಯದು. ಅಂಪೈರ್ ಆಗಲು ಯಾರು ಕರೆದರೂ ಒಂದೇ ಉತ್ತರ. "ಮುಂದಿನ ಹಲ್ಲು ಅಲುಗ್ತಾ ಇದ್ದು ಮಾರಾಯಾ, ಸೀಟಿ ನಿಲ್ತಿಲ್ಲೆ." ಅಲ್ಲ ಸ್ವಾಮೀ, ಅದೇ ಹಲ್ಲಲ್ಲಿ ದಿನಕ್ಕೆ ನೂರು ಸಲ ಬಸ್ಸಿನ ಸೀಟಿ ಕಚ್ಚುತ್ತಿದ್ದನಲ್ಲ! ಯಾರೂ ಕೇಳಲಿಲ್ಲ. ನಾನಂತೂ ಕೇಳಲೇ ಇಲ್ಲ. ಬೂದಿ ಗೆರೆ ಎಳೆಯುವುದನ್ನು, ಸಣ್ಣ ಮಕ್ಕಳಿಗೆ ಆಟ ಕಲಿಸುವುದನ್ನು ಅವನು ಬಿಡಲಿಲ್ಲ. "ಕೈ ಎತ್ತವು" ಎಂಬ ಪಾಠವನ್ನೂ ಬಿಡಲಿಲ್ಲ. ಆದರೆ ಅದನ್ನು ಹೇಳುವಾಗ ನಾನು ಅಲ್ಲಿದ್ದರೆ ಅವನ ದನಿ ತಗ್ಗುತ್ತಿತ್ತು. ಬಾಲು ನನಗೆ ತಾಗಿದ್ದು ಅವನಿಗೆ ಕಂಡಿರಲಿಲ್ಲ ಅಂದುಕೊಂಡಿದ್ದೆ. ಅವನಿಗೆ ಮೋಸಮಾಡಿದವನು ನಾನೊಬ್ಬನೇ ಎಂಬ ಮುಳ್ಳನ್ನು ಒಳಗಿಟ್ಟುಕೊಂಡು ಓದು ಮುಗಿಸಿದೆ, ಶಿರಸಿಯಲ್ಲಿ ಪುಸ್ತಕದಂಗಡಿ ಇಟ್ಟೆ, ಮದುವೆಯಾದೆ.

ಹತ್ತು ವರ್ಷಕ್ಕೂ ಮೇಲಾಗಿತ್ತು. ಮಾವನ ನಿವೃತ್ತಿಯ ದಿನ ಬಂತು. ಅವನ ಕೊನೆಯ ಟ್ರಿಪ್ಪಿನಲ್ಲಿ ಜೊತೆಗಿರಬೇಕೆಂದು ಅಂಗಡಿ ಮುಚ್ಚಿ ನಾನೂ ಬಸ್ಸು ಹತ್ತಿದೆ. ಅದೇ ಹಾವೇರಿ ಡ್ರೈವರ್, ಈಗ ತಲೆ ಪೂರ್ತಿ ಬಿಳಿ. ಮಾವ ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡೇ ಟಿಕೆಟ್ ಹರಿಯುತ್ತಿದ್ದ. ನಮ್ಮೂರು ಹತ್ತಿರ ಬಂದಾಗ ನನ್ನ ಪಕ್ಕ ಬಂದು ಕೂತ. ಕಿಟಕಿಯಲ್ಲಿ ಬಯಲು ಕಂಡಿತು. ಮಕ್ಕಳು ಆಡುತ್ತಿದ್ದರು, ಈಗ ಹೆಣ್ಣುಮಕ್ಕಳೂ ಇದ್ದರು. ಎರಡು ಜಡೆಯ ಒಂದು ಕೂಸು ನೆಟ್ಟಿನ ಹತ್ತಿರ ಎಡವಿ, ಎದ್ದು, ಕೈ ಎತ್ತಿ ನಿಂತಿತು. ಅಲ್ಲಿ ಅಂಪೈರೇ ಇರಲಿಲ್ಲ!

ನನಗೆ ತಡೆಯಲಾಗಲಿಲ್ಲ. "ಮಾವಾ, ಹಲ್ಲು ಈಗ ಹೇಂಗಿದ್ದು?"

ಅವನು ಕಿಟಕಿಯ ಕಡೆ ತಿರುಗಿದ. "ಹಲ್ಲಿಗೆ ಎಂತದೂ ಆಯ್ದಿಲ್ಲೆ," ಎಂದ. "ಅವತ್ತು ನಿನ್ನ ಕಿರುಬೆರಳಿಗೆ ತಾಗಿದ್ದು ಆನು ನೋಡಿದ್ದೆ ತಮಾ."

ನಾನು ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡೆ.

"ಆ ಸಸಿ ಕಣ್ಣಿಗೆ ಬಿತ್ತು. ಮೋರಿಕಟ್ಟೆ ನೆನಪಾತು. ನೀನು ಕೈ ಎತ್ತಿದ್ರೆ ಆ ಕಡೆ ಕೊಡಲೇಬೇಕಾಗಿತ್ತು. ಎತ್ತದೇ ಇರ್ಲಿ ದೇವರೇ ಹೇಳಿ ಬೇಡ್ಕಂಡೆ. ಎತ್ತು ಹೇಳಿ ನಿಂಗೆ ಕಲಿಸಿದವ ಆನೇಯ, ಎತ್ತಡ ಹೇಳಿ ಬೇಡ್ಕಂಡವನೂ ಆನೇಯ." ಅವನು ಮಾಲೆಯ ಹೂವೊಂದನ್ನು ಬೆರಳಲ್ಲಿ ಹೊಸಕುತ್ತಿದ್ದ. "ಕಿರವತ್ತಿಯವು ಯನ್ನ ನಂಬಿ ಏಣಿ ಮೇಲೆ ಕೂರಿಸಿದ್ದ. ಮತ್ತೆ ಯಾವ ಬಾಯಲ್ಲಿ ಆ ಸೀಟಿ ಊದದು?"

ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಹೊರೆಯನ್ನು ಈ ಮುದುಕ ಇಷ್ಟು ವರ್ಷ ತನ್ನೊಬ್ಬನದೇ ಎಂದು ಹೊತ್ತಿದ್ದ! ನನಗೆ ಅಳು ಉಕ್ಕಿಬಂತು. ತುಂಬಿದ ಬಸ್ಸಿನಲ್ಲಿ ಎದ್ದು ನಿಂತು ಬಲಗೈ ಎತ್ತಿದೆ.

"ಇಳಿಯವ್ರಿದ್ದಾರೆ, ನಿಲ್ಸಿ ನಿಲ್ಸಿ," ಎಂದರು ಹಿಂದಿನ ಸೀಟಿನವರು.

ಮಾವ ನನ್ನನ್ನು ನೋಡಿದ. ಟಿಕೆಟ್ ಚೀಲದ ತಳಕ್ಕೆ ಕೈಹಾಕಿ ತಡಕಾಡಿ, ಬಣ್ಣ ಮಾಸಿದ ಕೆಂಪು ದಾರವೊಂದನ್ನು ಎಳೆದು, ಸೀಟಿಯನ್ನು ಬಾಯಿಗಿಟ್ಟ. ಪೀಂ!

ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. "ಸಾಹೇಬ್ರ! ರಿಟೈರ್ ಆಗೂ ದಿನಾನೂ ಬಿಡ್ಲಿಲ್ಲೇನ್ರೀ?"

ಮಾವ ಎದ್ದು ನಿಂತು, ಕೈಯನ್ನು ಮುಂದಕ್ಕೆ, ಯಲ್ಲಾಪುರದಾಚೆಯ ಕಿರವತ್ತಿಯ ದಿಕ್ಕಿಗೆ ನೆಟ್ಟಗೆ ಚಾಚಿದ. "ಪಾಯಿಂಟು ಆ ಕಡೆಗೆ."

"ಮುಂದ ಹೋಗು ಅನ್ನೂದಿದ್ರ ಎರಡು ಸೀಟಿ ಊದ್ರಲ್ಲ, ಕೈ ಯಾಕ ಮಾಡ್ತೀರಿ!" ಎಂದು ಗೊಣಗುತ್ತ ಡ್ರೈವರ್ ಗೇರು ಹಾಕಿದ.

ಯಲ್ಲಾಪುರದಲ್ಲಿ ಇಳಿದ ಮೇಲೆ ಮಾವ ನನ್ನನ್ನು ನಿಲ್ದಾಣದ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದ. ಮಾಲೆ ತೆಗೆದು ಮೇಜಿನ ಮೇಲಿಟ್ಟು ಆರ್ಡರ್ ಕೊಟ್ಟ. "ಒಂದು ಮಸಾಲೆ ದೋಸೆ. ಯಂಗೆ ಚಾ ಸಾಕು."

"ದೋಸೆ ಎರಡು," ಎಂದೆ ನಾನು.

"ಯಂಗೆಂತಕ್ಕೋ?"

"ನೀನೂ ಕೈ ಎತ್ತಿದ್ಯಲ ಮಾವಾ."

ಅವನು ತಲೆ ತಗ್ಗಿಸಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅತ್ತ ಇತ್ತ ಸರಿಸಿದ. ಆಮೇಲೆ ಖಾಕಿ ಅಂಗಿಯ ತೋಳಿನಿಂದ ಎರಡೂ ಕಣ್ಣು ಒರೆಸಿಕೊಂಡು, "ಎಂತಾ ಖಾರನೋ ಈ ಹೋಟ್ಲು ಚಟ್ನಿ," ಎಂದ.

ದೋಸೆ ಇನ್ನೂ ಬಂದೇ ಇರಲಿಲ್ಲ.